ಪೂಜೆಗೆ ಕೊಡುವ ಬ್ಯಾಟರಿ

ಈ ಸಲದ ಆಯುಧ ಪೂಜೆಯ ದಿನ ನಮ್ಮ ಅಂಗಡಿಗೆ ಬಂದವರೆಲ್ಲ ಒಂದೇ ಪ್ರಶ್ನೆ ಕೇಳಿದರು: “ಅಕ್ಕಾರ ಫೋಟೊ ಎಲ್ಲೈತೆ?”

ಡ್ರಿಲ್ ಮಷೀನುಗಳು ಸಾಲಾಗಿ ನಿಂತಿದ್ದವು. ಕಟಿಂಗ್ ಮಷೀನು, ಮರ ಕೊಯ್ಯುವ ಮಷೀನು, ಹೊರಗೆ ನಿಂತ ಲಗೇಜ್ ಆಟೊ, ಎಲ್ಲಕ್ಕೂ ವಿಭೂತಿ, ಹೂವು ಸಂದಿದ್ದವು. ಹೋದ ಮಾಘದಲ್ಲಿ ತೀರಿಕೊಂಡ ಅಂಗಡಿಯ ಯಜಮಾನಿಯ ಫೋಟೊ ಮಾತ್ರ ಆ ಸಾಲಿನಲ್ಲಿ ಇರಲಿಲ್ಲ. ಅದನ್ನು ಅಲ್ಲಿಂದ ತೆಗೆಸಿದವಳು ನಾನು ಎಂದು ನ್ಯಾಮತಿ ಪೇಟೆಯಲ್ಲಿ ಮಾತಾಗಿದೆ. “ಅನ್ನ ಹಾಕಿದ ಹೆಂಗಸಿಗೆ ಒಂದು ಹೂವ ಏರಿಸಾಕೂ ಬಿಡಲಿಲ್ವಂತೆ, ಎಂಥಾ ಕಲ್ಲು ಮನಸ್ಸು” ಎಂದು ಎದುರಿನ ಬೇಕರಿಯಲ್ಲಿ ಇಬ್ಬರು ನನಗೆ ಕೇಳುವ ಹಾಗೆಯೇ ಆಡಿಕೊಂಡರು. ಕೇಳಿಸಿತು. ಅವರಿಗೂ ಉಳಿದವರಿಗೂ ಸೇರಿಸಿ ಇದನ್ನು ಬರೆಯುತ್ತಿದ್ದೇನೆ. ಕ್ಷಮೆ ಕೇಳುವುದಕ್ಕಲ್ಲ.

ಯಜಮಾನಿಯ ಹೆಸರು ಬರೆಯುವುದಿಲ್ಲ. ಅಂಗಡಿಯ ಬೋರ್ಡಿನ ಮೇಲೂ ಅದು ಇರಲಿಲ್ಲ. ‘ಬ್ಯಾಟರಿ ಮಷೀನುಗಳು ಬಾಡಿಗೆಗೆ ಸಿಗುತ್ತವೆ’ ಎಂದಷ್ಟೇ ಇತ್ತು. ಪೇಂಟರ್ ಒಮ್ಮೆ ಬೋರ್ಡಿಗೆ ಹೊಸ ಬಣ್ಣ ಕೊಡುತ್ತಾ, “ಪ್ರೊಪ್ರೈಟರ್ ಅಂತ ನಿಮ್ಮ ಹೆಸರು ಹಾಕ್ಲೇನ್ರಿ ಅಕ್ಕಾರೆ?” ಎಂದು ಕೇಳಿದ್ದ. “ಹೆಸರು ಬರೆಸೋದು ಕಲ್ಲಿನ ಮ್ಯಾಲೆ. ಅದಕ್ಕಿನ್ನೂ ಟೈಮ್ ಐತೆ. ನೀನು ಬಾಡಿಗೆ ಅನ್ನೋದನ್ನ ದಪ್ಪಗೆ ಬರಿ” ಎಂದಿದ್ದರು. ಊರಿಗೆಲ್ಲ ಅವರು ಅಕ್ಕಾರು. ಅವರಿಗಿಂತ ಹತ್ತು ವರ್ಷ ದೊಡ್ಡವರಾದ ಬಡಗಿಗಳಿಗೂ ಅಕ್ಕಾರೇ.

ನಾನು ಚನ್ನಗಿರಿ ತಾಲ್ಲೂಕಿನ ನಲ್ಲೂರಿನವಳು. ಹೊನ್ನಾಳಿಯಲ್ಲಿ ಬಿ.ಕಾಂ. ಮುಗಿಸಿ ಈ ಅಂಗಡಿಗೆ ಲೆಕ್ಕ ಬರೆಯಲು ಸೇರಿದೆ. ದಿನಚರಿ ಬರೆಯುವುದು ಶಾಲೆಯಿಂದ ಬಂದ ಚಟ. ಮೊದಲ ದಿನ ಅವರು ನನ್ನ ಸರ್ಟಿಫಿಕೇಟು ನೋಡಲಿಲ್ಲ. ಒಬ್ಬ ಗಿರಾಕಿ ಆಗಷ್ಟೇ ತಂದುಕೊಟ್ಟ ಬ್ಯಾಟರಿಯನ್ನು ಮೇಜಿನ ಮೇಲಿಟ್ಟು, “ಮುಟ್ಟಿ ನೋಡು” ಎಂದರು. ನಾನು ಬೆರಳ ತುದಿಯಿಂದ ಮುಟ್ಟಿದೆ.

“ಹಂಗಲ್ಲ. ಮಕ್ಕಳಿಗೆ ಜ್ವರ ಬಂದ್ರೆ ಹೆಂಗೆ ನೋಡ್ತಾರೆ?”

ಅಂಗೈ ಹಿಂಬದಿಯಿಂದ ಮುಟ್ಟಿದೆ. ಬಿಸಿಯಿತ್ತು.

“ಜ್ವರ ಐತೆ ಹೌದಲ್ಲೇ? ಜ್ವರ ಇದ್ದಾಗ ಊಟ ಹಾಕಬಾರದು. ಇಳಿಯೋತನ ಚಾರ್ಜರಿಗೆ ಹಾಕಬ್ಯಾಡ. ಇಷ್ಟು ಗೊತ್ತಾದ್ರೆ ಅರ್ಧ ಕೆಲಸ ಕಲ್ತಂಗೆ.”

ಉಳಿದರ್ಧ ಕಲಿಯಲು ವರ್ಷಗಳು ಹಿಡಿದವು. ಪೂರ್ತಿ ಖಾಲಿಯಾಗುವ ತನಕ ಬ್ಯಾಟರಿಯನ್ನು ದುಡಿಸಬಾರದು. ತಿಂಗಳುಗಟ್ಟಲೆ ಇಡುವುದಿದ್ದರೆ ಅರ್ಧ ತುಂಬಿಸಿ ಇಡಬೇಕು. ಹೊಟ್ಟೆ ತುಂಬಿಸಿ ಮಲಗಿಸಿದರೂ ಕೆಡುತ್ತದೆ, ಉಪವಾಸ ಮಲಗಿಸಿದರೂ ಕೆಡುತ್ತದೆ. ಹೊಸ ಬ್ಯಾಟರಿ ಬಂದ ದಿನ ಅದರ ಬೆನ್ನಿನ ಮೇಲೆ ಬಿಳಿ ಪೇಂಟ್ ಪೆನ್ನಿನಿಂದ ತಿಂಗಳು ಬರೆಯುವುದು ನನ್ನ ಕೆಲಸವಾಯಿತು. ನಂಬರು ಹಾಕೋಣ ಎಂದೆ. ಅವರು ಒಪ್ಪಲಿಲ್ಲ. ಬ್ಯಾಟರಿ ಮೊದಲ ಸಲ ಯಾವ ಊರಿನ ಕೆಲಸಕ್ಕೆ ಹೋಗುತ್ತದೋ ಆ ಊರಿನ ಹೆಸರೇ ಅದಕ್ಕೆ. ಹೀಗಾಗಿ ನಮ್ಮ ಅಂಗಡಿಯ ಮಾತುಕತೆ ಹೊರಗಿನವರಿಗೆ ವಿಚಿತ್ರವಾಗಿ ಕೇಳುತ್ತಿತ್ತು. “ನಲ್ಲೂರು ಯಾಕೋ ಸುಸ್ತಾಗೈತೆ.” “ಸೂರಗೊಂಡನಕೊಪ್ಪ ತುಂಬೈತೆ, ತಗೊಂಡು ಹೋಗ್ರಿ.” “ಬಿಳಿಚೋಡು ಇನ್ನೂ ಬಂದಿಲ್ಲ, ಫೋನ್ ಮಾಡು.” ನನ್ನ ಊರಿನ ಹೆಸರಿನ ಬ್ಯಾಟರಿ ಬೇಗ ಸೋಲುತ್ತಿತ್ತೆಂದು ನನ್ನನ್ನು ಅಣಕಿಸುತ್ತಿದ್ದರು. “ನಿಮ್ಮೂರಿನೋರೆಲ್ಲ ಹಿಂಗೇ ಏನು, ಎರಡು ಸ್ಕ್ರೂಗೆ ಕುಂತುಬಿಡ್ತಾರೆ?”

ಅವರು ಹೇಳಿದ್ದೆಲ್ಲ ಸರಿ ಎಂದು ನಾನು ಹೇಳುತ್ತಿಲ್ಲ. ಬ್ಯಾಟರಿಯನ್ನು ಸಿಮೆಂಟ್ ನೆಲದ ಮೇಲೆ ಇಟ್ಟರೆ ನೆಲ ಅದರ ಶಕ್ತಿ ಎಳೆದುಕೊಳ್ಳುತ್ತದೆ ಎಂದು ಗಟ್ಟಿಯಾಗಿ ನಂಬಿದ್ದರು. ತೀರಿಹೋದ ಗಂಡ ಮೋಟರ್ ವೈಂಡಿಂಗ್ ಮಾಡುತ್ತಿದ್ದ ಕಾಲದ, ಟ್ರ್ಯಾಕ್ಟರ್ ಬ್ಯಾಟರಿಗಳ ಕಾಲದ ನಂಬಿಕೆ ಅದು. ಎಲ್ಲ ಬ್ಯಾಟರಿಗಳಿಗೂ ಹಲಸಿನ ಹಲಗೆಯೇ ಆಗಬೇಕು. ನಾನು ಸುಮ್ಮನಿರದೆ ಎರಡನ್ನು ನೆಲದ ಮೇಲೆ, ಎರಡನ್ನು ಹಲಗೆಯ ಮೇಲೆ ಒಂದು ಮಳೆಗಾಲ ಪೂರ್ತಿ ಇಟ್ಟು, ವಾರಕ್ಕೊಮ್ಮೆ ನೋಡಿ ಬರೆದಿಟ್ಟೆ. ಯಾವ ವ್ಯತ್ಯಾಸವೂ ಇರಲಿಲ್ಲ. ಪುಟ ತೆರೆದು ತೋರಿಸಿದೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು.

“ಛಲೋ ಬರ್ದೀಯ. ನೀನು ಹೇಳೋದು ಖರೇನೇ ಇರಬೇಕು.”

“ಹಂಗಾದ್ರೆ ಹಲಗೆ ತೆಗೀಲೇನ್ರಿ?”

“ಹಲಗೆ ತೆಗೆದ್ರೆ ಕೈ ಮುರೀತೀನಿ.”

ಹಲಗೆ ಇವತ್ತಿಗೂ ಇದೆ.

ಅವರ ಮೊಂಡುತನದ ಇನ್ನೊಂದು ಮುಖ ನಾನು ಕಂಡದ್ದು ಜಗಳೂರು ಕಡೆಯ ಬಿಳಿಚೋಡಿನಲ್ಲಿ. ಅಲ್ಲೊಬ್ಬ ಕಂಟ್ರಾಕ್ಟರು ದೊಡ್ಡ ಕುರಿ ಶೆಡ್ಡಿಗೆ ಶೀಟು ಹೊದಿಸುವ ಕೆಲಸ ಹಿಡಿದಿದ್ದ. ಬಯಲಿನ ನಡುವೆ ಕರೆಂಟಿಲ್ಲದ ಜಾಗ, ಹಾಗಾಗಿ ಬ್ಯಾಟರಿ ಡ್ರಿಲ್ಲೇ ಗತಿ. ಕೆಲಸಕ್ಕೆ ಹೋದ ಮೇಸ್ತ್ರಿ ಸೂರಗೊಂಡನಕೊಪ್ಪದ ಹಾಲೇಶಪ್ಪ, ನಮ್ಮ ಹಳೆಯ ಗಿರಾಕಿ. ಬ್ಯಾಟರಿಗಳೆಲ್ಲ ಮಧ್ಯಾಹ್ನದ ಹೊತ್ತಿಗೆ ನಿಂತುಬಿಡುತ್ತವೆ, ಡಬ್ಬಾ ಮಾಲು ಕೊಟ್ಟಿದ್ದೀರಿ ಎಂದು ಕಂಟ್ರಾಕ್ಟರು ಫೋನಿನಲ್ಲಿ ಕೂಗಾಡಿದ. ಅಕ್ಕಾರು ಫೋನಿಟ್ಟವರೇ ಲಗೇಜ್ ಆಟೊ ಹತ್ತಿದರು. ನನ್ನನ್ನೂ ಹತ್ತಿಸಿಕೊಂಡರು.

ಹೋಗಿ ನೋಡಿದರೆ ಮೂವರು ಸುಡುವ ಶೀಟಿನ ಮೇಲೆ ಗೋಣಿಚೀಲ ಹಾಸಿಕೊಂಡು ಮೊಣಕಾಲೂರಿದ್ದಾರೆ. ಬದಲಿ ಬ್ಯಾಟರಿಗಳು ಅವರ ಪಕ್ಕದಲ್ಲೇ, ಗೋಣಿಚೀಲವೂ ಇಲ್ಲದೆ, ಬರೀ ತಗಡಿನ ಮೇಲೆ ಕಾಯುತ್ತಿವೆ. ಅಕ್ಕಾರು ಕೆಳಗಿನಿಂದಲೇ ಕೂಗಿದರು: “ಹಾಲೇಶಪ್ಪಾ, ಅವೇನು ರೊಟ್ಟಿ ಅಂತ ಬೇಯಿಸ್ತಿಯೇನೋ? ಕೆಳಗೆ ಇಳಿಸು ಎಲ್ಲ!”

ಬ್ಯಾಟರಿಗಳನ್ನು ಬುಟ್ಟಿಯಲ್ಲಿ ಇಳಿಸಿ ಬೇವಿನ ಮರದ ಬುಡಕ್ಕೆ ಒಯ್ದೆವು. ಮೇಲಿದ್ದ ಒಬ್ಬ ಹುಡುಗ ನಕ್ಕ. “ನಮಗಿಲ್ಲದ ನೆಳ್ಳು ಬ್ಯಾಟರಿಗೆ ಬಂತಲ್ರೀ ಅಕ್ಕಾರೆ!”

ಅಕ್ಕಾರು ತಲೆಯೆತ್ತಿ ಅವನನ್ನು ನೋಡಿದರು. ಆಮೇಲೆ, “ನೀವೂ ಇಳೀರಿ” ಎಂದರು.

ಕಂಟ್ರಾಕ್ಟರು ಓಡಿಬಂದ. “ಏನ್ರಿ ಇದು, ನನ್ನ ಆಳುಗಳನ್ನ ನೀವ್ಯಾಕೆ ಇಳಿಸ್ತೀರಿ?”

“ಆಳುಗಳನ್ನ ನಾನೇನೂ ಅಂದಿಲ್ಲಪ್ಪ. ನನ್ನ ಬ್ಯಾಟರಿಗೆ ಜ್ವರ ಬಂದೈತೆ. ಹೊತ್ತು ಇಳಿಯೋತನ ಕೊಡಾಕಾಗಲ್ಲ. ಬ್ಯಾಟರಿ ಇಲ್ದೆ ಅವ್ರು ಮ್ಯಾಲೆ ಕುಂತು ಏನು ಭಜನೆ ಮಾಡ್ತಾರಾ?”

“ಕೆಲಸ ತಡ ಆದ್ರೆ ಯಾರು ಹೊಣೆ?”

“ಬ್ಯಾಟರಿ. ಅದನ್ನೇ ಕೇಳು.”

ಆ ಕೆಲಸ ಮುಗಿಯುವ ತನಕ ದಿನಾ ಬಿಸಿಲೇರಿದ ಮೇಲೆ ಬೇವಿನ ಮರದ ಕೆಳಗೆ ಬ್ಯಾಟರಿಗಳೂ ಮೂವರು ಆಳುಗಳೂ ಒಟ್ಟಿಗೆ ಮಲಗಿದರು ಎಂದು ಹಾಲೇಶಪ್ಪ ಆಮೇಲೆ ಹೇಳಿದ. ವಾಪಸು ಬರುವಾಗ ಆಟೊದಲ್ಲಿ ನಾನು, “ಆಳುಗಳಿಗೋಸ್ಕರ ಹಂಗಂದಿರಾ, ಬ್ಯಾಟರಿಗೋಸ್ಕರಾನಾ?” ಎಂದು ಕೇಳಿದೆ. “ನಿನಗೆ ಎಲ್ಲದಕ್ಕೂ ಒಂದೊಂದು ಕಾಲಂ ಬೇಕು” ಎಂದು ಮುಖ ತಿರುಗಿಸಿಕೊಂಡರು.

ದಾವಣಗೆರೆಯಿಂದ ಬರುತ್ತಿದ್ದ ಡೀಲರನ ಹುಡುಗನಿಗೆ ಅವರನ್ನು ಕಂಡರೆ ಭಯ. ಇಸ್ತ್ರಿ ಮಾಡಿದ ಅಂಗಿ, ಮೊಬೈಲಿನಲ್ಲಿ ಹೊಸ ಮಾಡೆಲ್ಲಿನ ಚಿತ್ರಗಳು. ಒಮ್ಮೆ ಬಂದವನು ಹಲಗೆಯ ಮೇಲಿನ ಬ್ಯಾಟರಿಗಳನ್ನೆಲ್ಲ ನೋಡಿ, “ಮೇಡಂ, ಇವುಗಳ ಲೈಫ್ ಮುಗಿದಿದೆ. ಎಲ್ಲ ಬದಲಾಯಿಸಿಬಿಡಿ” ಎಂದ.

“ಎಲ್ಲಾನೂ ಮುಟ್ಟಿ ನೋಡಿದೆಯಾ?”

“ಮುಟ್ಟೋದೇನಿದೆ ಮೇಡಂ, ಡೇಟ್ ನೋಡಿದ್ರೆ ಗೊತ್ತಾಗುತ್ತೆ.”

“ಡೇಟ್ ನೋಡಿ ಆಯಸ್ಸು ಹೇಳಾಕೆ ನೀನೇನು ಜ್ಯೋತಿಷಿಯೇನಪ್ಪ? ನನ್ನ ಕೈ ನೋಡಿ ನನ್ನದೂ ಹೇಳು ಹಂಗಾದ್ರೆ.” ಕೈ ಚಾಚಿಯೇಬಿಟ್ಟರು. ಹುಡುಗ ಕೆಂಪಾದ. ಅಕ್ಕಾರು ನನ್ನ ಕಡೆ ಕೈ ತೋರಿಸಿ, “ಇವಳಿಗೂ ಹೇಳೀನಿ. ಡೇಟ್ ಬರಿಯೋದು ಹುಟ್ಟಿದ್ದು ಗೊತ್ತಾಗಲಿ ಅಂತ. ಸಾವು ಗೊತ್ತಾಗಲಿ ಅಂತ ಅಲ್ಲ” ಎಂದರು. ಆಮೇಲೆ ಅವನಿಗೆ ಚಹಾ ತರಿಸಿ, ನಿಜವಾಗಿಯೂ ಸೋತಿದ್ದ ಎರಡರ ಬದಲಿಗೆ ಎರಡು ಹೊಸದು ಕೊಂಡರು. ಅವರು ಹೊಸದರ ವಿರೋಧಿಯಲ್ಲ. ಪರೀಕ್ಷೆ ಮಾಡದೆ ಹಳೆಯದನ್ನು ಸತ್ತಿತು ಎನ್ನುವುದರ ವಿರೋಧಿ.

ಇನ್ನು ಪೂಜೆಯ ವಿಷಯಕ್ಕೆ ಬರುತ್ತೇನೆ. ಜಗಳ ಇರುವುದೇ ಅಲ್ಲಿ.

ಬಾಡಿಗೆಗೆ ಒಯ್ದ ಮಷೀನನ್ನೂ ನಮ್ಮ ಕಡೆಯವರು ಆಯುಧ ಪೂಜೆಗೆ ಮನೆಯಲ್ಲಿಟ್ಟು ಪೂಜೆ ಮಾಡುತ್ತಾರೆ. ಅನ್ನ ಕೊಡುವ ವಸ್ತು ಸ್ವಂತದ್ದಾದರೇನು, ಬಾಡಿಗೆಯದಾದರೇನು. ಅದು ಒಳ್ಳೆಯ ಪದ್ಧತಿಯೇ. ತೊಂದರೆ ಎಂದರೆ ಭಕ್ತಿ ಸ್ವಲ್ಪ ಒದ್ದೆಯಾಗಿರುತ್ತದೆ. ವಿಭೂತಿಯನ್ನು ನೀರಿನಲ್ಲಿ ಕಲಸಿ ಮೂರು ಬೆರಳು ಎಳೆಯುತ್ತಾರೆ, ಕುಂಕುಮದ ಬೊಟ್ಟು ಇಡುತ್ತಾರೆ, ಮೇಲಿಂದ ತೀರ್ಥ ಚಿಮುಕಿಸುತ್ತಾರೆ. ಸುತ್ತಿಗೆಗೆ, ಗರಗಸಕ್ಕೆ ಇದರಿಂದ ಏನೂ ಆಗದು. ಬ್ಯಾಟರಿಯ ಬಾಯಿಯಲ್ಲಿ ತಾಮ್ರದ ಪಟ್ಟಿಗಳಿರುತ್ತವೆ. ಕುಂಕುಮದ ನೀರು ಅಲ್ಲಿಗಿಳಿದು ಹಬ್ಬ ಮುಗಿಯುವ ತನಕ ಕೂತರೆ ಪಟ್ಟಿ ಹಸಿರುಗಟ್ಟುತ್ತದೆ. ನಾನು ಸೇರಿದ ವರ್ಷ ಹಬ್ಬದ ಮರುವಾರ ವಾಪಸು ಬಂದ ಬ್ಯಾಟರಿಗಳನ್ನು ಒಂದೊಂದಾಗಿ ಚಾರ್ಜರಿಗೆ ಹಾಕಿದರೆ, ಕೆಟ್ಟಿವೆ ಎಂದು ಸಾಲಾಗಿ ಕೆಂಪು ದೀಪ ಮಿಣುಕಿದವು. ಆ ದಿನ ನನ್ನ ದಿನಚರಿಯಲ್ಲಿ ಏಳು ಊರುಗಳ ಹೆಸರು ಬರೆದು ಅಡಿಗೆರೆ ಎಳೆದಿದ್ದೇನೆ.

ಅಕ್ಕಾರು ಎರಡು ಹೊತ್ತು ಲಿಂಗಪೂಜೆ ಮಾಡುವವರು. ಹಣೆಯ ವಿಭೂತಿ ಮಾಸಿದ್ದನ್ನು ನಾನು ನೋಡಿಲ್ಲ. ಅಂಥವರು ಮುಂದಿನ ವರ್ಷ ಒಂದು ಕಾನೂನು ಮಾಡಿದರು: ಹಬ್ಬಕ್ಕೆ ಮಷೀನು ಒಯ್ಯಬಹುದು, ಬ್ಯಾಟರಿ ಅಂಗಡಿಯಲ್ಲೇ ಬಿಡಬೇಕು.

ಹಬ್ಬದ ಹಿಂದಿನ ಸಂಜೆ ಹಾಲೇಶಪ್ಪ ಬಂದವನು ಡ್ರಿಲ್ಲನ್ನು ತಿರುಗಿಸಿ ನೋಡಿ ಗಾಬರಿಯಾದ.

“ಅಕ್ಕಾರೆ, ಬ್ಯಾಟರಿ ಎಲ್ರಿ?”

“ಇಲ್ಲೇ ಇರ್ತೈತೆ. ಹಬ್ಬ ಮುಗಿಸ್ಕೊಂಡು ಬಾ.”

“ಬ್ಯಾಟರಿ ಇಲ್ದೆ ಹೆಂಗ್ರಿ ಪೂಜೆ ಮಾಡಾಕೆ ಆಗ್ತೈತೆ? ರುಂಡ ಇಲ್ದ ಮುಂಡಕ್ಕೆ ಬೊಟ್ಟು ಇಟ್ಟಂಗಾಗ್ತೈತೆ. ಮನ್ಯಾಗೆ ಹೆಣ್ಮಕ್ಕಳು ಒಪ್ತಾರೇನ್ರಿ? ಅಪಶಕುನ!”

“ಹೋದ ವರ್ಷ ರುಂಡ ಕೊಟ್ಟಿದ್ನಲ್ಲೋ. ಕುಂಕುಮ ಕುಡಿಸ್ಕೊಂಡು ತಂದೆ.”

“ಅದು ದೇವ್ರ ತೀರ್ಥ ಅಕ್ಕಾರೆ!”

“ತೀರ್ಥ ನೀನು ಕುಡಿ. ಬ್ಯಾಟರಿಗ್ಯಾಕೆ?”

ಹಿಂದೆ ನಿಂತಿದ್ದವರೂ ಹಾಲೇಶಪ್ಪನ ಕಡೆಗೇ ಸೇರಿದರು. ಮುಂಡದ ಪೂಜೆ ಯಾರಿಗೂ ಬೇಡ. ಒಬ್ಬ ಬಡಗಿಯಂತೂ, “ಇಂಥಾ ಮಷೀನು ಹಿಡ್ಕೊಂಡು ಮುಂದೆ ಕೈ ಕಾಲು ಕುಯ್ಕೊಂಡ್ರೆ ನೀವೇ ಹೊಣೆ” ಎಂದ. ಆ ಮಾತು ಅವರಿಗೆ ತಟ್ಟಿತು. ದೇವರಿಗೆ ಹೆದರದ ಜನರನ್ನು ಅವರು ನಂಬುತ್ತಿರಲಿಲ್ಲ, ಆದ್ದರಿಂದ ಹೆದರಿದವರನ್ನು ಹಾಗೇ ಕಳಿಸುವಂತೆಯೂ ಇರಲಿಲ್ಲ. ಒಳಗೆ ಹೋಗಿ ಒಂದು ಟ್ರಂಕು ಎಳೆದು ತಂದರು. ಅದರಲ್ಲಿ ಹಿಂದಿನ ವರ್ಷ ಕುಂಕುಮ ಕುಡಿದು ಸತ್ತ ಬ್ಯಾಟರಿಗಳಿದ್ದವು. ಒಂದನ್ನು ತೆಗೆದು ಒರೆಸಿ ಹಾಲೇಶಪ್ಪನ ಡ್ರಿಲ್ಲಿಗೆ ಕಟಕ್ಕೆಂದು ಸಿಕ್ಕಿಸಿದರು.

“ತಗೋ ರುಂಡ. ಇದಕ್ಕೆ ಅಭಿಷೇಕಾನೇ ಮಾಡು, ನನಗೇನು.”

“ಇದು ಸತ್ತಿದ್ದಲ್ರೀ?”

“ದುಡಿಯೋದಕ್ಕೆ ಯಾರು ಪೂಜೆ ಮಾಡ್ತಾರೋ? ಜೀವ ಇರೋತನ ದುಡಿಸ್ಕೊಳ್ಳೋದು, ಹೋದ ಮ್ಯಾಲೆ ಹಾರ ಹಾಕೋದು. ನಮ್ಮ ಮಂದಿ ಪದ್ಧತಿನೇ ಅದು. ನಾನೇನು ಹೊಸದು ಹೇಳಿದ್ನಾ?”

ಅಂದಿನಿಂದ ಅವಕ್ಕೆ ‘ಪೂಜೆ ಬ್ಯಾಟರಿ’ ಎಂದೇ ಹೆಸರಾಯಿತು. ವರ್ಷಕ್ಕೊಂದು ದಿನ ಟ್ರಂಕಿನಿಂದ ಎದ್ದು, ಮನೆಮನೆಗೆ ಹೋಗಿ, ಹೂವು ಮುಡಿದು, ಕುಂಕುಮ ಮೆತ್ತಿಸಿಕೊಂಡು ವಾಪಸು ಬಂದು ಮಲಗುತ್ತಿದ್ದವು. ದುಡಿಯುವ ಬ್ಯಾಟರಿಗಳು ಹಬ್ಬದ ದಿನ ಹಲಗೆಯ ಮೇಲೆ ಒಣಗಿ ಬೆಚ್ಚಗೆ ಉಳಿದವು. ಆ ವರ್ಷದ ಹಬ್ಬದಲ್ಲಿ ಒಂದೂ ಕೆಡಲಿಲ್ಲ.

ಮರುವರ್ಷ ಹಬ್ಬಕ್ಕೆ ಮೊದಲು ನಾನು ಟ್ರಂಕು ತೆಗೆದು ಪೂಜೆ ಬ್ಯಾಟರಿಗಳನ್ನು ಒರೆಸುತ್ತಿದ್ದೆ. ಅಕ್ಕಾರಿಗೆ ಏನು ಹೊಳೆಯಿತೋ, “ಒಂದು ಸಲ ಎಲ್ಲಾ ಚಾರ್ಜರಿಗೆ ಹಾಕಿ ನೋಡು” ಎಂದರು. ಸತ್ತದ್ದನ್ನು ನೋಡುವುದೇನು ಎಂದುಕೊಳ್ಳುತ್ತಲೇ ಹಾಕಿದೆ. ಒಂದೊಂದೂ ಕೆಂಪು ಮಿಣುಕಿತು. ಬಿಳಿಚೋಡು ಎಂಬ ಹೆಸರಿನದನ್ನು ಅವರೇ ಕೈಗೆತ್ತಿಕೊಂಡು, ನನ್ನ ಪೆನ್ಸಿಲ್ ರಬ್ಬರಿನಿಂದ ಅದರ ತಾಮ್ರದ ಪಟ್ಟಿಗಳನ್ನು ತುಂಬ ಹೊತ್ತು ಉಜ್ಜಿದರು. ಮತ್ತೆ ಹಾಕಿದಾಗ ದೀಪ ಸ್ವಲ್ಪ ತಡೆದು, ಕೆಂಪು ಬಿಟ್ಟು ಹಸಿರು ಮಿಣುಕತೊಡಗಿತು. ಅದು ಸತ್ತಿರಲಿಲ್ಲ. ಬಾಯಿ ಕಟ್ಟಿತ್ತು, ಅಷ್ಟೆ.

ನಾನು ಚಪ್ಪಾಳೆ ತಟ್ಟಿದೆ. ಅವರು ನಗಲಿಲ್ಲ. ಕುರ್ಚಿಯ ಮೇಲೆ ಕುಳಿತು ತಲೆಗೆ ಕೈ ಹಚ್ಚಿದರು.

“ಜೀವ ಇರೋದನ್ನ ಪೂಜೆಗೆ ಕಳಿಸಿದ್ವಲ್ಲೇ ಹುಡುಗಿ. ಎರಡು ವರ್ಷ ಟ್ರಂಕಿನಾಗೆ ಇಟ್ಟಿದ್ವಿ.”

ಅಂದು ಮಾಡಿದ ಎರಡನೆಯ ಕಾನೂನು ಇದು: ಚಾರ್ಜರಿಗೆ ಹಾಕಿ ನೋಡದೆ ಯಾವುದನ್ನೂ ಪೂಜೆಗೆ ಕೊಡಬಾರದು. ಒಂದು ಸಲ ನೋಡಿದ್ದು ಸಾಲದು. ಪ್ರತಿ ವರ್ಷ ನೋಡಬೇಕು. ಬಿಳಿಚೋಡು ಆಮೇಲೆ ಎರಡು ಬೇಸಿಗೆ ದುಡಿಯಿತು.

ಅದರ ಮುಂದಿನ ವರ್ಷ ಶ್ರಾವಣದಲ್ಲಿ ಅಕ್ಕಾರು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಅವರಿಗೆ ಮಕ್ಕಳಿಲ್ಲ. ಚನ್ನಗಿರಿಯಲ್ಲಿ ಹಾರ್ಡ್‌ವೇರ್ ಅಂಗಡಿಯಲ್ಲಿದ್ದ ತಮ್ಮನ ಮಗ ಬಂದು ವ್ಯಾಪಾರ ನೋಡಿಕೊಂಡ. ಕೆಟ್ಟವನಲ್ಲ. ಅತ್ತೆಯ ಮೇಲೆ ಪ್ರೀತಿಯಿತ್ತು. ಅವರು ಇನ್ನು ಕೂತು ಉಣ್ಣಲಿ ಎಂಬುದು ಅವನ ಆಸೆ. ಅದಕ್ಕಾಗಿ ಪೇಟೆಯ ಅಂಗಡಿಯವರ ಜೊತೆ ಸೇರಿ ಆಯುಧ ಪೂಜೆಯ ದಿನವೇ ಸನ್ಮಾನ ಇಟ್ಟ. ಫ್ಲೆಕ್ಸು ಮಾಡಿಸಿದ. ಅದರ ಮೇಲೆ ಅವರ ಚಿತ್ರ, ಕೆಳಗೆ ‘ವಿಶ್ರಾಂತ ಜೀವನ ಸುಖಮಯವಾಗಲಿ’ ಎಂಬ ಸಾಲು. ಅಂಗಡಿಯ ಬೀಗದ ಕೈಯನ್ನು ಅವರು ಎಲ್ಲರ ಎದುರು ಅವನಿಗೆ ಒಪ್ಪಿಸುವುದೆಂದು ತೀರ್ಮಾನವಾಗಿತ್ತು. ಅವರೊಬ್ಬರನ್ನು ಬಿಟ್ಟು ಎಲ್ಲರಿಗೂ ಅದು ಗೊತ್ತಿತ್ತು.

ಕೋಲೂರಿಕೊಂಡು ಬಂದರು. ಪೂಜೆಗೆ ಜೋಡಿಸಿದ ಮಷೀನುಗಳ ಸಾಲಿನ ಕೊನೆಗೆ ಅವರಿಗೆ ಕುರ್ಚಿ ಹಾಕಿದ್ದರು. ಕೂತರು. ಶಾಲು ಹೊದಿಸಿದರು, ಪೇಟ ಇಟ್ಟರು, ಹಾರ ಹಾಕಿದರು, ಮಡಿಲಿಗೆ ಹಣ್ಣಿನ ಬುಟ್ಟಿ ಕೊಟ್ಟರು. ಪಕ್ಕದ ಡ್ರಿಲ್ಲಿಗೂ ಅದೇ ಹೂವಿನ ಹಾರ. ಅವರು ಎಡಕ್ಕೆ ತಿರುಗಿ ಡ್ರಿಲ್ಲನ್ನು ನೋಡಿದರು. ತಮ್ಮ ಕೊರಳಿನ ಹಾರ ನೋಡಿಕೊಂಡರು. ಫ್ಲೆಕ್ಸಿನ ಅಕ್ಷರಗಳನ್ನು ನಿಧಾನವಾಗಿ ಓದಿದರು. ಆ ಮುಖ ನನಗೆ ಗೊತ್ತಿತ್ತು. ಕಂಟ್ರಾಕ್ಟರನ ಫೋನಿಟ್ಟಾಗ ಇದ್ದ ಮುಖವೇ.

“ಏನೋ ಇದು?” ಎಂದರು ತಮ್ಮನ ಮಗನಿಗೆ.

“ಸನ್ಮಾನ ಅತ್ತೆ. ಎಷ್ಟು ವರ್ಷ ದುಡಿದೀರಿ. ಇನ್ನು ಆರಾಮಾಗಿರ್ರಿ.”

“ಚಾರ್ಜರಿಗೆ ಹಾಕಿ ನೋಡದೇನೆ ನನ್ನ ಪೂಜೆ ಸಾಲಿಗೆ ಇಟ್ಟೆಯೇನೋ?”

ಮೊದಲು ನಕ್ಕದ್ದು ಹಾಲೇಶಪ್ಪ. ಆಮೇಲೆ ಅಂಗಡಿಗೆ ಅಂಗಡಿಯೇ ನಕ್ಕಿತು. ಅವರು ನಗಲಿಲ್ಲ. ಪೇಟ ತೆಗೆದು ಪಕ್ಕದ ಡ್ರಿಲ್ಲಿನಲ್ಲಿದ್ದ ಪೂಜೆ ಬ್ಯಾಟರಿಯ ತಲೆಗಿಟ್ಟರು. ಹಾರ ತೆಗೆದು ಅದಕ್ಕೇ ಹಾಕಿದರು. ಶಾಲು ಮಾತ್ರ ಇಟ್ಟುಕೊಂಡರು, ಚಳಿಗಾಲ ಮುಂದಿದೆ ಎಂದು. ಕೋಲೂರಿ ಎದ್ದು ನಿಂತು, “ನಾಳೆ ಬೆಳಗ್ಗೆ ಯಾರ್‍ಯಾರಿಗೆ ಮಷೀನು ಬೇಕು, ಈಗ್ಲೇ ಹೇಳ್ರಿ” ಎಂದರು. ಒಂದೊಂದೇ ಕೈ ಮೇಲೆದ್ದವು. ಬೀಗದ ಕೈಯ ಮಾತು ಯಾರೂ ಎತ್ತಲಿಲ್ಲ.

ಮರುದಿನದಿಂದ ಅವರು ನಿಂತು ವ್ಯಾಪಾರ ಮಾಡಲಿಲ್ಲ, ಅದು ನಿಜ. ಚಾರ್ಜರುಗಳ ಮೇಜಿನ ಹತ್ತಿರ ಎತ್ತರದ ಸ್ಟೂಲು ಹಾಕಿಸಿಕೊಂಡರು. ಬಂದ ಬ್ಯಾಟರಿಯೆಲ್ಲ ಅವರ ಕೈ ದಾಟಿಯೇ ಚಾರ್ಜರಿಗೆ ಹೋಗಬೇಕು. ತಮ್ಮನ ಮಗ ಬಿಸಿ ಬ್ಯಾಟರಿಯನ್ನು ಅವಸರದಲ್ಲಿ ಸಿಕ್ಕಿಸಿದರೆ ಕೋಲಿನಿಂದ ಅವನ ಮೊಣಕೈಗೆ ತಟ್ಟುತ್ತಿದ್ದರು. ಅವನು ಗೊಣಗುತ್ತಿದ್ದ. “ಅತ್ತೆ, ಈಗಿನ ಚಾರ್ಜರು ತಾನೇ ನೋಡ್ಕೊಂಡು ನಿಲ್ಲಿಸ್ತೈತೆ.” “ನಿಲ್ಲಿಸ್ಲಿ. ನೀನು ಮೊದ್ಲು ಮುಟ್ಟು.” ಮಾಘದ ಒಂದು ಸೋಮವಾರ ಅವರು ಅಂಗಡಿಗೆ ಬರಲಿಲ್ಲ. ಹಿಂದಿನ ದಿನ ಸಂಜೆಯವರೆಗೆ ಸ್ಟೂಲಿನ ಮೇಲಿದ್ದರು.

ಈ ವರ್ಷ ಹಬ್ಬಕ್ಕೆ ವಾರ ಇರುವಾಗ ತಮ್ಮನ ಮಗ ದೊಡ್ಡ ಫೋಟೊ ಕಟ್ಟು ಹಾಕಿಸಿ ತಂದ. ಹಣೆಗೆ ಕುಂಕುಮ ಹಚ್ಚಿ, ಗಂಧದ ಹಾರ ಹಾಕಿ, ಪೂಜೆಯ ಸಾಲಿನ ನಡುವೆ ಇಟ್ಟ. ನಾನು ಬೇಡ ಎಂದೆ.

“ಯಾಕೆ ಮೇಡಂ? ಆಗ ಬದುಕಿದ್ರು, ಬ್ಯಾಡ ಅಂದ್ರು. ಸರಿ. ಈಗ ಇಲ್ಲ. ಅವ್ರ ಕಾನೂನಿನ ಪ್ರಕಾರನೇ ಪೂಜೆಗೆ ಕೊಡಬೌದಲ್ಲ.”

ಅವನ ಮಾತು ಸರಿಯಾಗಿಯೇ ಇತ್ತು. ಸೋತು ಸುಮ್ಮನಾಗಲು ಮನಸ್ಸಾಗದೆ, “ಚಾರ್ಜರಿಗೆ ಹಾಕಿ ನೋಡಿದ್ರಾ?” ಎಂದೆ.

“ಫೋಟೊನ ಹೆಂಗೆ ಚಾರ್ಜರಿಗೆ ಹಾಕ್ತಾರೆ? ನಿಮಗೆ ತಲೆ ಗಿಲೆ ಕೆಟ್ಟೈತಾ?”

ಫೋಟೊ ಸಾಲಿನಲ್ಲೇ ಉಳಿಯಿತು. ಅಷ್ಟೇ ಅಲ್ಲ, ಈ ವರ್ಷದಿಂದ ಪೂಜೆ ಬ್ಯಾಟರಿಯ ರಗಳೆಯೂ ಬೇಡ ಎಂದ. ಗಿರಾಕಿಗಳು ಕೇಳಿದರೆ ನಿಜವಾದ್ದನ್ನೇ ಕೊಟ್ಟು ಕಳಿಸೋಣ, ಹಬ್ಬದ ದಿನ ಜನರ ಮನಸ್ಸು ನೋಯಿಸಿ ವ್ಯಾಪಾರ ಆಗುತ್ತದೆಯೇ ಎಂದ. ಯಜಮಾನ ಅವನು. ನಾನು ಟ್ರಂಕನ್ನು ಮಾತ್ರ ಬಾಗಿಲ ಬಳಿ ಎಳೆದಿಟ್ಟು, ಅದರೊಳಗಿನವನ್ನೆಲ್ಲ ಒಂದೊಂದಾಗಿ ಚಾರ್ಜರಿಗೆ ಹಾಕಿ ನೋಡಿದೆ. ಎಲ್ಲವೂ ಕೆಂಪೇ. ಅದನ್ನು ಯಾರೂ ಬೇಡ ಎನ್ನಲಿಲ್ಲ.

ಹಬ್ಬದ ಹಿಂದಿನ ಸಂಜೆ ಹಾಲೇಶಪ್ಪ ಬಂದ. ಫೋಟೊಗೆ ಕೈ ಮುಗಿದ. ಆಮೇಲೆ ಹೊಸ ಯಜಮಾನನ ಕಡೆ ತಿರುಗಿ ಹಲ್ಲು ಕಿರಿದ. “ಈ ವರ್ಷನಾದ್ರೂ ಜೀವ ಇರೋ ಬ್ಯಾಟರಿ ಕೊಡ್ರಿ ಸಾಹುಕಾರ್ರೆ. ನಿಮ್ಮತ್ತೆಯೋರು ಸುಮಾರು ವರ್ಷ ನಮ್ಮನ್ನ ಹೆಣ ಪೂಜೆ ಮಾಡಿಸಿದ್ರು.”

“ತಗೊಳ್ರಿ, ಅದಕ್ಕೇನಂತೆ” ಎಂದು ಅವನು ಆಗಷ್ಟೇ ಕೆಲಸದಿಂದ ಬಂದಿದ್ದ ಬ್ಯಾಟರಿಯೊಂದನ್ನು ಹಲಗೆಯಿಂದ ಎತ್ತಿದ. ಎತ್ತಿದವನು ಕೊಡಲಿಲ್ಲ. ಅಂಗೈ ತಿರುಗಿಸಿ ಅದರ ಬೆನ್ನಿಗೆ ಹಚ್ಚಿದ. ತಾನು ಹಾಗೆ ಮಾಡಿದ್ದು ಅವನಿಗೇ ಗೊತ್ತಾದಂತೆ ಕಾಣಲಿಲ್ಲ. ಹಾಲೇಶಪ್ಪನ ಬಲಗೈಯ ಚೀಲ ನೋಡಿದ. ಅದರಲ್ಲಿ ಕುಂಕುಮದ ಪೊಟ್ಟಣ, ತೆಂಗಿನಕಾಯಿ, ಬಾಟಲಿಯಲ್ಲಿ ಗುಡಿಯಿಂದ ತಂದ ತೀರ್ಥ ಇತ್ತು.

“ಇನ್ನೂ ಜ್ವರ ಐತೆ ಇದಕ್ಕೆ” ಎಂದ.

“ಇರ್ಲಿ ಬಿಡ್ರಿ, ತೀರ್ಥ ಹಾಕಿದ್ರೆ ಇಳೀತೈತೆ.”

“ತೀರ್ಥ ನೀನು ಕುಡಿ. ಬ್ಯಾಟರಿಗ್ಯಾಕೆ?”

ಹಾಲೇಶಪ್ಪ ಬೆಚ್ಚಿಬಿದ್ದು ಮೊದಲು ಫೋಟೊ ನೋಡಿದ, ಆಮೇಲೆ ಇವನ ಮುಖ ನೋಡಿದ. ತಂದೆಯ ವಯಸ್ಸಿನವನಿಗೆ ಏಕವಚನದಲ್ಲಿ ಅಂದುಬಿಟ್ಟೆನಲ್ಲ ಎಂದು ಹುಡುಗ ನಾಲಿಗೆ ಕಚ್ಚಿಕೊಂಡ. ಹಾಲೇಶಪ್ಪ ಬೇಸರ ಮಾಡಿಕೊಳ್ಳಲಿಲ್ಲ. ತಾನೇ ಟ್ರಂಕಿಗೆ ಬಗ್ಗಿ ಒಂದು ಪೂಜೆ ಬ್ಯಾಟರಿ ಆರಿಸಿಕೊಂಡು, “ಬೈಸ್ಕೊಂಡು ಎಂಟು ತಿಂಗಳಾಗಿತ್ತು ನೋಡ್ರಿ” ಎಂದು ನಡೆದ.

ತಮ್ಮನ ಮಗ ಬ್ಯಾಟರಿಯನ್ನು ಮತ್ತೆ ಹಲಗೆಗೆ ಇಟ್ಟ. ಆಮೇಲೆ ಯಾರೂ ಹೇಳದೆ ತಾನೇ ಪೂಜೆಯ ಸಾಲಿಗೆ ಹೋಗಿ ಫೋಟೊದ ಹಾರ ತೆಗೆದ. ಗಾಜಿನ ಮೇಲಿನ ಕುಂಕುಮವನ್ನು ನನ್ನ ಮೇಜಿನ ರಬ್ಬರಿನಿಂದ ಉಜ್ಜಿದ. ಒಣಬಟ್ಟೆಯಲ್ಲಿ ಒರೆಸಿ, ಚಾರ್ಜರುಗಳ ಮೇಜಿನ ಮೇಲಿನ ಗೋಡೆಗೆ, ಅಕ್ಕಾರ ಸ್ಟೂಲಿನ ನೇರಕ್ಕೆ ಮೊಳೆ ಹೊಡೆದು ತೂಗುಹಾಕಿದ.

ಅಕ್ಕಾರ ಫೋಟೊ ಎಲ್ಲಿ ಎಂದು ಹಬ್ಬದ ದಿನ ಕೇಳಿದವರಿಗೆಲ್ಲ ನಾನು ಅಲ್ಲಿಗೆ ಕೈ ತೋರಿಸಿದೆ. ಹೂವು ತಂದವರು ಅದನ್ನು ಡ್ರಿಲ್ಲಿಗೆ ಏರಿಸಿ ಗೊಣಗುತ್ತಾ ಹೋದರು. ಗೊಣಗಲಿ. ಅಕ್ಕಾರನ್ನು ಪೂಜೆಗೆ ಕೊಡಬಹುದೇ ಎಂದು ಮುಂದಿನ ವರ್ಷ ಹಬ್ಬಕ್ಕೆ ಮೊದಲು ಮತ್ತೊಮ್ಮೆ ನೋಡುತ್ತೇವೆ.